ಮೇಲೂ ಕೆಂಡ, ಕೆಳಗೂ ಕೆಂಡ

ಆಸರೆಯಲ್ಲಿ ಫ್ಯಾನುಗಳಿಗೆ ಹೆಸರಿದೆ. ಹೆಂಗಸರಿಗಿಲ್ಲ.

ದೊಡ್ಡ ಕೋಣೆಯ ಫ್ಯಾನು ಯಾರೋ ವಕೀಲರ ತಂದೆಯ ನೆನಪಿಗೆ. ಊಟದ ಕೋಣೆಯದು ಒಬ್ಬ ಗುತ್ತಿಗೆದಾರರ ತಾಯಿಯ ನೆನಪಿಗೆ. ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು, ಊರು, ಫೋನ್ ನಂಬರು ಎಲ್ಲ ಕೆಂಪು ಬಣ್ಣದಲ್ಲಿ ಬರೆಸಿದ್ದಾರೆ. ಉಳಿದ ಜಾಗದಿಂದ ಬೆಳಕು ಬರುತ್ತದೆ. ಊಟದ ತಟ್ಟೆಯ ನಟ್ಟನಡುವೆ ಹೆಸರು ಕೊರೆದಿದೆ. ಅನ್ನ ಮುಗಿದದ್ದೇ ಯಾರ ಅನ್ನ ಉಂಡೆ ಅಂತ ಓದಿಕೊಳ್ಳಬೇಕು. ಹೆಂಗಸರನ್ನು ಮಾತ್ರ ಫಲಾನುಭವಿಗಳು ಅನ್ನುತ್ತಾರೆ. ಅಂಥ ಹನ್ನೊಂದು ಜನ ಇದ್ದಾರೆ. ಗಂಡನ ಹೊಡೆತ ತಾಳದೆ ಬಂದವರು, ಮನೆಯವರು ಹೊರಗೆ ಹಾಕಿದವರು, ಬಗಲಲ್ಲಿ ಕೂಸು ಹೊತ್ತು ಬಂದವರು. ಸಿದ್ದಾಪುರದ ಪೇಟೆ ದಾಟಿದರೆ ಸಿಗುವ ಹಂಚಿನ ಕಟ್ಟಡ. ಒಂದು ಟ್ರಸ್ಟು ನಡೆಸುತ್ತದೆ. ಕಾರ್ಯದರ್ಶಿ ಸೀತಾ ಮೇಡಂ.

ನಾನು ಫಲಾನುಭವಿಯಲ್ಲ. ಅಲ್ಲಿಯ ಅಡಿಗೆಯವಳು, ಚೌಡಮ್ಮ. ಕೋಲಸಿರ್ಸಿಯವಳು. ಹನ್ನೊಂದು ಹೆಂಗಸರು, ಐದು ಮಕ್ಕಳು ದಿನಾ ನಾನು ಬೇಯಿಸಿದ್ದನ್ನು ಉಣ್ಣುತ್ತಾರೆ. ಗಣ್ಯರು ಬಂದ ದಿನ ಮಾತ್ರ ಬೇರೆ ಅಡಿಗೆಯವರು ಬರುತ್ತಾರೆ. ಆ ದಿನ ನನಗೆ ಹಿತ್ತಲಲ್ಲಿ ಕೆಲಸ. "ಚೌಡಮ್ಮ, ನೀವು ಇವತ್ತು ಆಚೆ ಇರಿ," ಅನ್ನುತ್ತಾರೆ ಮೇಡಂ. ಯಾಕೆ ಅಂತ ಅವರು ಹೇಳಿಲ್ಲ. ನಾನು ಕೇಳಿಲ್ಲ. ನನ್ನ ಕೈಯ ಸಾರು ಯಾರಿಗೆ ಗಂಟಲಲ್ಲಿ ಇಳಿಯುವುದಿಲ್ಲ ಅಂತ ಐವತ್ತು ವರ್ಷದಿಂದ ಗೊತ್ತಿದೆ.

ನೀಲಗಂಗವ್ವ ಬಂದದ್ದು ಫೆಬ್ರವರಿಯಲ್ಲಿ. ಎರಡು ತಿಂಗಳ ಹೆಣ್ಣುಕೂಸು, ಒಂದು ಚೀಲ, ವಯಸ್ಸು ಇಪ್ಪತ್ತು, ಹೆಸರು ಅಜ್ಜಿಯದು. ಬನವಾಸಿ ಕಡೆಯವಳು. ಶುಂಠಿ ತೊಳೆಯುವ ಕೂಲಿಗೆ ಹೋಗುತ್ತಿದ್ದಳು. ತೊಳೆದು ತೊಳೆದು ಬೆರಳ ತುದಿಯ ಚರ್ಮ ಎದ್ದಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ಮದುವೆ ಆಗುತ್ತೇನೆ ಅಂದ. ಆಮೇಲೆ ಅವನ ಫೋನು ಹತ್ತಲಿಲ್ಲ. ಅಪ್ಪ, ಮನೆ ಬೇಕೋ ಕೂಸು ಬೇಕೋ ಅಂತ ಕೇಳಿದ. ಅವಳು ಕೂಸು ಅಂದಳು. ಇಷ್ಟೇ ಕಥೆ. ಇದನ್ನು ಅವಳು ನನಗೆ ಹೇಳಿದ್ದು ಬೆಳ್ಳುಳ್ಳಿ ಸುಲಿಯುತ್ತಾ, ಒಂದು ಗಡ್ಡೆ ಮುಗಿಯುವುದರೊಳಗೆ.

ಮಗಳಿಗೆ ಸೌಮ್ಯ ಅಂತ ಹೆಸರಿಟ್ಟಿದ್ದಳು. ಆ ಮಗು ಹಸಿವಾದರೆ ಕೂಗುವ ಕೂಗು ತಾಲೂಕು ಕಚೇರಿಗೆ ಕೇಳಬೇಕು.

"ಎಂತದೆ ಮಾರಾಯ್ತಿ, ಇದಕ್ಕೆ ಸೌಮ್ಯ ಅಂದದ್ದು ಯಾರೆ?" ಅಂದೆ.

"ಹೆಸರಿಟ್ಟಾಗ ನಿದ್ದಿ ಮಾಡತಿತ್ತು ಬೇ. ನನಗೇನ್ ಗೊತ್ತು!"

ಆ ದಿನದಿಂದ ನಾವು ಗೆಳತಿಯರು. ನನ್ನ ಮಾತು ಅವಳಿಗೆ ನಗೆ, ಅವಳ ಮಾತು ನನಗೆ. ನಾನು ಎಂತ ಅಂದರೆ ಅವಳು "ಎಂತ ಅಂದ್ರ ಎಂತಾ?" ಅನ್ನುತ್ತಿದ್ದಳು. ಅವಳು ಹೌದಲ್ರೀ ಅಂದರೆ ನಾನು, "ನಾನೆಂತ ತಹಶೀಲ್ದಾರನಾ, ರೀ ಅನ್ನಕ್ಕೆ?" ಅನ್ನುತ್ತಿದ್ದೆ. ಕೊನೆಗೆ ಚೌಡಕ್ಕ ಅಂತ ಆಯಿತು.

ಏಪ್ರಿಲ್‌ನಲ್ಲಿ ಓವನ್ನು ಬಂತು. ಶಿರಸಿಯಲ್ಲಿ ಅಕ್ಕಿ ಮಿಲ್ಲು ನಡೆಸುವ ಮಧುಕೇಶ್ವರ ಸಾಹುಕಾರರು ಕೊಡಿಸಿದ್ದು. ಫಲಾನುಭವಿಗಳು ಬೇಕರಿ ಕೆಲಸ ಕಲಿತು ಸ್ವಾವಲಂಬಿಗಳಾಗಲಿ ಅಂತ. ಅಡಿಗೆಮನೆಯಲ್ಲಿ ನಿಲ್ಲಿಸಿದರು. ಕಪಾಟಿನಷ್ಟು ಎತ್ತರ. ಬಾಗಿಲ ಗಾಜಿನ ತುಂಬ ಸಾಹುಕಾರರ ಹೆಸರು. ಒಳಗೆ ಏನು ಬೇಯುತ್ತಿದೆ ಅಂತ ನೋಡಲು ಅವರ ಹೆಸರಿನ ಅಕ್ಷರಗಳ ಸಂದಿಯಲ್ಲಿ ಕಣ್ಣಿಡಬೇಕು. ಆದರೆ ಒಳಗೆ ಏನೂ ಬೇಯಲಿಲ್ಲ. ಉದ್ಘಾಟನೆ ಆಗುವ ತನಕ ಮುಟ್ಟಬಾರದು ಅಂತ ಮೇಡಂ ಅದಕ್ಕೆ ರಿಬ್ಬನ್ ಕಟ್ಟಿಸಿದರು. ಸಾಹುಕಾರರಿಗೆ ಪುರುಸೊತ್ತಾಗಲಿಲ್ಲ. ಮಳೆಗಾಲ ಬಂತು, ಹೋಯಿತು. ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚಿ, ಚೆಂಡುಹೂ ಹಾಕಿ, ತೆಂಗಿನಕಾಯಿ ಒಡೆದೆವು. ಓವನ್ನು ಪೂಜೆ ಮಾಡಿಸಿಕೊಂಡು ಸುಮ್ಮನೆ ನಿಂತಿತ್ತು.

ತರಬೇತಿ ಮಾತ್ರ ನಡೆದೇ ಹೋಯಿತು. ಹುಬ್ಬಳ್ಳಿಯಿಂದ ಒಬ್ಬರು ಬಂದು ಮೂರು ದಿನ ಕರಿಹಲಗೆಯ ಮೇಲೆ ಕೇಕು ಮಾಡಿದರು. ಹೆಂಗಸರು ನೋಟುಪುಸ್ತಕದಲ್ಲಿ ಬರೆದುಕೊಂಡರು. ನೂರ ಎಂಬತ್ತು ಡಿಗ್ರಿ, ಮೂವತ್ತೈದು ನಿಮಿಷ. ಒಂದು ಹಿಡಿ ಹಿಟ್ಟು ಯಾರೂ ಮುಟ್ಟಲಿಲ್ಲ. ನಾಲ್ಕನೇ ದಿನ ಎಲ್ಲರಿಗೂ ಸರ್ಟಿಫಿಕೇಟು.

ನೀಲಗಂಗವ್ವ ಅದನ್ನು ಹಿಡಿದು ಹಿತ್ತಲಿಗೆ ಬಂದಳು. "ಚೌಡಕ್ಕಾ, ನಾ ಈಗ ಬೇಕರಿಯಾಕಿ. ನೂರಾ ಎಂಬತ್ತು ಡಿಗ್ರಿ ಅಂದ್ರ ಕೈಗೆ ಎಷ್ಟು ಸುಡತೈತಿ?"

"ಅವ್ರನ್ನೇ ಕೇಳಬೇಕಿತ್ತು."

"ಕೇಳಿದೆ. ಮಿಷನ್ ತೋರಸತೈತಿ ಅಂದ್ರು."

ನನಗೆ ನಗು ಬಂತು. ಸಿಟ್ಟೂ ಬಂತು. ನಾನು ಹುಡುಗಿಯಾಗಿದ್ದಾಗ ಕುಮಟೆಯಲ್ಲಿ ಒಂದು ಕೊಂಕಣಿಗರ ಮನೆಯಲ್ಲಿ ಕೆಲಸಕ್ಕಿದ್ದೆ. ಅಲ್ಲಿಯ ಅಜ್ಜಿ ಸೌತೆಕಾಯಿ ತುರಿದು ತವಸಳಿ ಅಂತ ಮಾಡುತ್ತಿದ್ದರು. ಅದು ನಮ್ಮ ಕಡೆಯ ಕೇಕು. ಅಕ್ಕಿರವೆ, ಹಣ್ಣು ಸೌತೆಕಾಯಿ, ಕಾಯಿತುರಿ, ಬೆಲ್ಲ. ದಬರಿಯ ತಳಕ್ಕೆ ಬಾಳೆಎಲೆ. ಕೆಳಗೆ ಕೆಂಡ, ಮುಚ್ಚಿದ ತಟ್ಟೆಯ ಮೇಲೂ ಕೆಂಡ. ನಡುವೆ ಅದು ತನ್ನಷ್ಟಕ್ಕೆ ಬೇಯುತ್ತದೆ.

"ಇಲ್ ಬಾ," ಅಂದೆ. "ಕರಟ ಸುಟ್ಟು ಕೆಂಡ ಮಾಡು. ಅಂಗೈ ಹಿಡಿ. ಐದು ಎಣಿಸದ್ರೊಳಗೆ ಕೈ ತೆಗೆಯಂಗಾದ್ರೆ ಜಾಸ್ತಿ ಆತು. ಹತ್ತು ಎಣಿಸಿದ್ರೂ ಹಾಯಾಗಿದ್ರೆ ಕಮ್ಮಿ ಆತು. ಇದೇ ನಿನ್ನ ಡಿಗ್ರಿ."

ಮೊದಲ ಸಲದ್ದು ಹೇಳಲೇಬೇಕು. ಎಲ್ಲ ಕಲೆಸಿ, ಬಾಳೆಎಲೆ ತರಲು ಹೋಗಿ ಬಂದೆ. ನೋಡಿದರೆ ನೀಲಗಂಗವ್ವ ಜೋಳದ ಹಿಟ್ಟು ಸುರಿದು, ಗಟ್ಟಿಯಾಗಿ ನಾದಿ, ಮಣೆಯ ಮೇಲೆ ಪಟಪಟ ತಟ್ಟುತ್ತಿದ್ದಾಳೆ!

"ಎಂತ ಮಾಡಿದ್ಯೆ!"

"ನೀರಾಗಿತ್ತಕ್ಕಾ. ನೀ ಮರತೀ ಅಂತ ಸರಿ ಮಾಡೇನಿ."

ಅವಳ ಕೈಗೆ ಹಿಟ್ಟು ಅಂದರೆ ರೊಟ್ಟಿ. ತಟ್ಟಲು ಬಾರದ ಹಿಟ್ಟು ಅವಳ ಲೆಕ್ಕದಲ್ಲಿ ಕೆಟ್ಟ ಹಿಟ್ಟು. ಆ ದಿನ ಹನ್ನೊಂದು ಜನ ಸೌತೆಕಾಯಿ ರೊಟ್ಟಿ ತಿಂದರು. ಚೆನ್ನಾಗಿಯೇ ಇತ್ತು. ಎರಡನೇ ಸಲ ತಳ ಕರಕಲಾಯಿತು. ಮೂರನೇ ಸಲ ಮೇಲೆ ಹಸಿ. ಐದನೇ ಸಲಕ್ಕೆ ಅವಳು ಕೆಂಡದ ಮೇಲೆ ಕೈ ಹಿಡಿದು, ಕಣ್ಣು ಮುಚ್ಚಿ, "ಏಳು. ಹಾಕು ದಬರಿ," ಅಂದಳು. ಮುಚ್ಚಳ ತೆಗೆದಾಗ ಕಂದು ಬಣ್ಣದ ಮೈ ಉಬ್ಬಿ ನಿಂತಿತ್ತು. ಅವಳು ಊದುಗೊಳವೆ ಎಸೆದು ಕುಣಿದಳು. ಮುಂಗೈಯಲ್ಲಿ ಮೂರು ಸುಟ್ಟ ಗಾಯ, ಕಣ್ಣಲ್ಲಿ ಹೊಗೆಯ ನೀರು. ಸರ್ಟಿಫಿಕೇಟನ್ನು ಆ ದಿನ ನಿಜವಾಗಿ ಗಳಿಸಿದಳು.

ನವೆಂಬರ್ ಕೊನೆಗೆ ಅವಳು ಬಾಯಿಬಿಟ್ಟಳು.

"ಚೌಡಕ್ಕಾ, ಡಿಸೆಂಬರ್ ಹದಿನಾಲ್ಕಕ್ಕ ಸೌಮ್ಯಾಗ ವರ್ಷ ತುಂಬತೈತಿ. ಕೇಕ್ ಮಾಡೂಣು?"

"ಮಾಡಿದ್ರಾತು. ಅದಕ್ಕೆಂತ ಅಷ್ಟು ಸಣ್ಣ ದನಿ?"

"ಎಲ್ಲಾರ ಮುಂದ ಮಾಡೂಣು. ಈಕಿ ಹುಟ್ಟಿದಾಗ ಆಸ್ಪತ್ರ್ಯಾಗ ನರ್ಸ್ ಬಾಯಿ ಹೊರಗ ಹೋಗಿ ಕೂಗಿದ್ಲು, ನೀಲಗಂಗವ್ವನ ಕಡ್ಯಾವರು ಯಾರು, ಹೆಣ್ಣುಕೂಸು ಆಗೇತಿ ಅಂತ. ಯಾರೂ ಇರಲಿಲ್ಲ. ತಿರುಗಿ ಬಂದ್ಲು. ಒಬ್ಬರೂ ನಗಲಿಲ್ಲಕ್ಕಾ. ವರ್ಷ ತುಂಬಿದಾಗರ ನಾಕ್ ಮಂದಿ ಚಪ್ಪಾಳಿ ಹೊಡೀಲಿ."

ನಾನು ಬೂದಿ ಕೆದಕುತ್ತಾ ಕೂತೆ. ಯಾಕೆಂದರೆ ಆ ಮಗುವಿಗೆ ಚಪ್ಪಾಳೆ ಚೆನ್ನಾಗಿ ಗೊತ್ತಿತ್ತು. ಆಸರೆಗೆ ತಿಂಗಳಿಗೊಮ್ಮೆ ಯಾರಾದರೂ ಹುಟ್ಟುಹಬ್ಬ ಮಾಡಿಕೊಳ್ಳಲು ಬರುತ್ತಾರೆ. ಡಾಕ್ಟರ ಮಗ, ಇಂಜಿನಿಯರರ ಹೆಂಡತಿ, ಬ್ಯಾಂಕಿನ ಮ್ಯಾನೇಜರು. ಹೆಂಗಸರು, ಮಕ್ಕಳು ಸಾಲಾಗಿ ನಿಲ್ಲಬೇಕು. ಆ ಇಂಗ್ಲಿಷ್ ಹಾಡು ಹಾಡಬೇಕು, ಚಪ್ಪಾಳೆ ಹೊಡೆಯಬೇಕು, ಬಾಯಿ ತೆರೆಯಬೇಕು. ಅವರು ಒಂದು ಚೂರು ಬಾಯಿಗೆ ಇಡುವಾಗ ಫೋಟೋ. ಫೋಟೋ ಸರಿ ಬರದಿದ್ದರೆ ಮತ್ತೊಮ್ಮೆ ಬಾಯಿ ತೆರೆಯಬೇಕು, ಖಾಲಿ ಬಾಯಿ. ಸೌಮ್ಯ ಅವ್ವ ಅನ್ನುವ ಮೊದಲೇ ಚಪ್ಪಾಳೆ ಕಲಿತಳು. ಬಿಳಿ ಅಂಗಿಯವರು ಗೇಟು ದಾಟಿದರೆ ಸಾಕು, ಕೈ ತಟ್ಟುತ್ತಾಳೆ. ಎಲ್ಲರೂ ಮುದ್ದು ಅನ್ನುತ್ತಾರೆ. ಒಮ್ಮೆ ಒಬ್ಬ ಗಣ್ಯರ ತೊಡೆಯ ಮೇಲೆ ಕೂರಿಸಿದಾಗ ಉಚ್ಚೆ ಹೊಯ್ದಳು. ಆ ದಿನ ನೀಲಗಂಗವ್ವ ಹಿತ್ತಲಿಗೆ ಓಡಿ ಬಂದು ಮಗಳಿಗೆ ಹತ್ತು ಮುತ್ತು ಕೊಟ್ಟಳು.

ಕೇಕಿನ ಮಾತು ಮೇಡಂ ಹತ್ತಿರ ಹೋಯಿತು. ಮೇಡಂ ಕೆಟ್ಟವರಲ್ಲ. ನಿಯಮದವರು. "ನೋಡು ನೀಲಾ, ಒಬ್ಬರಿಗೆ ಮಾಡಿದರೆ ಎಲ್ಲರಿಗೂ ಮಾಡಬೇಕು. ಇಲ್ಲಿ ಫಲಾನುಭವಿಗಳ ಖಾಸಗಿ ಸಮಾರಂಭ ಇಲ್ಲ," ಅಂದರು.

ಅದಾಗಿ ಒಂದು ವಾರಕ್ಕೆ ಸಾಹುಕಾರರಿಗೆ ಪುರುಸೊತ್ತಾಯಿತು. ಅವರಿಗೆ ಅರವತ್ತು ತುಂಬುತ್ತದೆಯಂತೆ. ಅದೇ ದಿನ ಓವನ್ನಿನ ಉದ್ಘಾಟನೆ, ಅದರಲ್ಲೇ ಬೆಂದ ಕೇಕು, ಅವರೇ ಹೊರತೆಗೆದು ಕತ್ತರಿಸುವುದು. ಯಾವತ್ತು? ಡಿಸೆಂಬರ್ ಹದಿನಾಲ್ಕು.

ಎರಡು ದಿನ ಮುಂಚೆ ಕರೆಂಟಿನ ರಾಘು ಬಂದ. ಓವನ್ನಿನ ವೈರು ಕೈಯಲ್ಲಿ ಹಿಡಿದು, ಗೋಡೆಯ ಪ್ಲಗ್ಗು ನೋಡಿ, ಮೇಡಂ ಮುಖ ನೋಡಿದ. "ಇದು ಇಲ್ಲಿಗೆ ಆಗದಲ್ಲ ಮೇಡಂ. ಇದನ್ನ ಹಾಕಿದ್ರೆ ನಿಮ್ಮನೆ ಒಂದೇ ಅಲ್ಲ, ಇಡೀ ಕೇರಿ ಕತ್ತಲೆ. ಬೇರೆ ಲೈನ್ ಎಳೀಬೇಕು. ಒಂದ್ ತಿಂಗಳು ಬೇಕು."

ಎಂಟು ತಿಂಗಳು ನಿಂತು, ಹೂ ಹಾಕಿಸಿಕೊಂಡ ಓವನ್ನಿಗೆ ಪ್ಲಗ್ಗೇ ಇರಲಿಲ್ಲ!

ಮೇಡಂ ಕುರ್ಚಿಯಲ್ಲಿ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಹಿತ್ತಲಿಗೆ ಬಂದರು. ನಮ್ಮ ಕೆಂಡದ ಗುಟ್ಟು ಅವರಿಗೂ ಗೊತ್ತಿತ್ತು ಅಂತ ಆಗ ತಿಳಿಯಿತು. ವಾಸನೆಗೆ ಗೇಟಿಲ್ಲವಲ್ಲ.

"ಚೌಡಮ್ಮ, ನೀವು ಮಾಡೋ ಆ ಕೇಕಿಗೆ ಮೊಟ್ಟೆ ಹಾಕಲ್ಲ ತಾನೆ?"

"ಇಲ್ಲ ಮೇಡಂ."

"ಹಾಗಾದರೆ ಬೆಳಿಗ್ಗೆ ಇಲ್ಲೇ ಮಾಡಿ, ಓವನ್ನಿನ ಒಳಗಿಟ್ಟು ಬಾಗಿಲು ಹಾಕಿ. ಅವರು ಬಂದು ತೆಗೀಲಿ. ಯಾರು ಮಾಡಿದ್ದು ಅಂತೆಲ್ಲ ಹೇಳೋದು ಬೇಡ. ಓವನ್ನು ಮಾಡಿತು ಅಂದರೆ ಸಾಕು. ನೀವು ಹೇಗೂ ಆಚೆ ಇರ್ತೀರಲ್ಲ."

ನನ್ನ ಕೈಯ ಸಾರು ಇಳಿಯುವುದಿಲ್ಲ. ಕಬ್ಬಿಣದ ಪೆಟ್ಟಿಗೆಯೊಳಗೆ ಹೋಗಿ ಬಂದರೆ ಕೇಕು ಇಳಿಯುತ್ತದೆ. ಎಂಥ ಮಡಿ ಮಾರಾಯ್ರೆ!

ನೀಲಗಂಗವ್ವ ಎದ್ದು ನಿಂತಳು. "ಮೇಡಂ, ಅವತ್ತ ನನ್ ಮಗಳ ಹುಟ್ಟುಹಬ್ಬ."

"ಒಳ್ಳೇದಾಯ್ತಲ್ಲ! ಸಾಹುಕಾರರೇ ಅವಳ ಬಾಯಿಗೆ ಮೊದಲ ಚೂರು ಇಡ್ತಾರೆ. ಪೇಪರಲ್ಲೂ ಬರುತ್ತೆ. ಅನಾಥ ಮಗುವಿನ ಜೊತೆ ಅರವತ್ತರ ಸಂಭ್ರಮ ಅಂತ."

"ನಾ ಇನ್ನೂ ಸತ್ತಿಲ್ರಿ ಮೇಡಂ."

ಮೇಡಂ ಕೇಳದವರಂತೆ ಒಳಗೆ ಹೋದರು.

ಹದಿನಾಲ್ಕರ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದೆ. ಐದು ದಪ್ಪ ಸೌತೆಕಾಯಿ. ಮಳೆಗಾಲದಲ್ಲಿ ಬೆಳೆದು, ನಮ್ಮ ಮನೆ ಮಾಡಿಗೆ ಬಾಳೆನಾರಿನಿಂದ ಕಟ್ಟಿ ತೂಗುಹಾಕಿದವು. ಚಿನ್ನದ ಬಣ್ಣಕ್ಕೆ ಬಂದಿದ್ದವು. ನೀಲಗಂಗವ್ವ ತುರಿದಳು. ತುರಿಮಣೆ ಅವಳ ಬೆರಳನ್ನೂ ತುರಿಯಿತು. ನಾನು ರವೆ ಹುರಿದೆ. ಜೋನಿಬೆಲ್ಲ ಸುರಿದೆ, ಏಲಕ್ಕಿ ಕುಟ್ಟಿದೆ. ದಬರಿ ಎತ್ತಲು ಇಬ್ಬರೂ ಬೇಕಾಯಿತು. ಮೇಲಿನ ತಟ್ಟೆಗೆ ಇಕ್ಕಳದಿಂದ ಒಂದೊಂದೇ ಕೆಂಡ ಇಟ್ಟೆವು. ಒಂದೂವರೆ ತಾಸು ಬಗ್ಗಿ ಊದಿದೆವು. ಸೊಂಟ ಸೆಟೆದುಕೊಂಡಿತು. ದಿನವೂ ವಟಗುಟ್ಟುವ ಹುಡುಗಿ ಆ ದಿನ ಕೆಂಡದ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಎಂತಾತೆ?"

"ಏನಿಲ್ಲ. ಎಣಸಾಕತ್ತೇನಿ."

ಬೆಂದ ಕೇಕನ್ನು ಹರಿವಾಣಕ್ಕೆ ಮಗುಚಿ ಓವನ್ನಿನೊಳಗೆ ಇಟ್ಟೆವು. ತಣ್ಣನೆಯ ಪೆಟ್ಟಿಗೆಯಲ್ಲಿ ಬಿಸಿ ಕೇಕು. ಬಾಗಿಲು ಹಾಕಿ, ರಿಬ್ಬನ್ ನೆಟ್ಟಗೆ ಮಾಡಿದೆವು. ಅವಳು ಸಾಲಿಗೆ ಹೋದಳು, ನಾನು ಹಿತ್ತಲಿಗೆ.

ದೊಡ್ಡ ಕೋಣೆಯ ಮೈಕಿನ ಶಬ್ದ ಹಿತ್ತಲಿಗೆ ಬರುತ್ತಿತ್ತು. ಸ್ವಾಗತ ಭಾಷಣ, ಪ್ರಾಸ್ತಾವಿಕ ಭಾಷಣ, ಸಾಹುಕಾರರ ಬಾಲ್ಯ, ಸಾಹುಕಾರರ ಶಾಲೆ. ಭಾಷಣದಲ್ಲಿ ಅವರು ಇನ್ನೂ ಹತ್ತನೇ ಕ್ಲಾಸಿನಲ್ಲಿರುವಾಗ ನೀಲಗಂಗವ್ವ ಅಡಿಗೆಮನೆಯ ಬಾಗಿಲಿಂದ ಹಿಮ್ಮುಖವಾಗಿ ನಡೆಯುತ್ತಾ ಬಂದಳು. ಬಗಲಲ್ಲಿ ಮಗು. ಇನ್ನೊಂದು ಕೈಯಿಂದ ಬಾಳೆಎಲೆ ಹಾಸಿದ ಹರಿವಾಣ ಎದೆಗೆ ಒತ್ತಿ ಹಿಡಿದಿದ್ದಾಳೆ. ಹರಿವಾಣದ ಮೇಲೆ ಕೇಕು. ರಿಬ್ಬನ್ ಬಿಚ್ಚಿ, ಮತ್ತೆ ಕಟ್ಟಿ ಬಂದಿದ್ದಳು.

"ಹಿಡಿಯಕ್ಕಾ, ಕೈ ಸುಡತೈತಿ!"

ಹಿಡಿದೆ. ಹಿಡಿದ ಮೇಲೆ ಏನು ಮಾಡಿದೆ ಅಂತ ತಿಳಿಯಿತು. "ಹುಡ್ಗಿ, ನಿನ್ನ ಹೊರಗೆ ಹಾಕ್ತಾರೆ. ಕೂಸು ಹಿಡ್ಕಂಡು ಎಲ್ಲಿಗೆ ಹೋಗ್ತ್ಯೆ?"

"ಗೊತ್ತಿಲ್ಲ. ಇವತ್ತ ನನ್ ಮಗಳಿಗೆ ಯಾರೂ ಇಲ್ಲಂತ ಎರಡನೇ ಸಲ ಅನ್ನಸಿಕೊಳ್ಳಾಂಗಿಲ್ಲ."

ಒಳಗೆ ರಿಬ್ಬನ್ ಕತ್ತರಿಸಿದ ಚಪ್ಪಾಳೆ. "ಈಗ ನಮ್ಮ ಓವನ್ನಿನಿಂದ ಮೊಟ್ಟಮೊದಲ ಕೇಕನ್ನು..." ಅಂತ ಮೇಡಂ ದನಿ. ಬಾಗಿಲು ತೆರೆದ ಶಬ್ದ. ಆಮೇಲೆ ಮೈಕಿನಲ್ಲಿ ಬರೀ ಉಸಿರು.

ಎಲ್ಲರೂ ವಾಸನೆ ಹಿಡಿದು ಹಿತ್ತಲಿಗೆ ಬಂದರು. ಮುಂದೆ ಸಾಹುಕಾರರು. ತಲೆಗೆ ಪೇಟ, ಕೊರಳಿಗೆ ಏಲಕ್ಕಿ ಹಾರ. ಪಕ್ಕದಲ್ಲಿ ಅವರ ಹೆಂಡತಿ, ಹಿಂದೆ ಮೇಡಂ, ಫೋಟೋದವನು, ಕೊನೆಗೆ ಹತ್ತು ಹೆಂಗಸರು. ನಾವು ಮೆಟ್ಟಿಲ ಮೇಲೆ ಕೂತಿದ್ದೆವು. ನಡುವೆ ಕೇಕು, ತೊಡೆಯ ಮೇಲೆ ಸೌಮ್ಯ. ಬಿಳಿ ಅಂಗಿ ಕಂಡದ್ದೇ ಸೌಮ್ಯ ಚಪ್ಪಾಳೆ ತಟ್ಟಿದಳು. ನೀಲಗಂಗವ್ವ ಮಗಳ ಎರಡೂ ಕೈ ಮೆಲ್ಲಗೆ ಹಿಡಿದು ಕೆಳಗಿಟ್ಟಳು.

"ಏನವಾ ಇದು?" ಅಂದರು ಸಾಹುಕಾರರು.

"ನನ್ ಮಗಳ ಹುಟ್ಟುಹಬ್ಬಾರೀ. ಬರ್ರಿ, ಕುಂದರ್ರಿ."

"ಕೇಕು ಓವನ್ನಾಗ ಬೆಂದೈತಿ ಅಂದಿದ್ರಲ್ಲ?"

"ಆ ಪೆಟ್ಟಿಗಿಗೆ ಇನ್ನಾ ಕರೆಂಟ್ ಇಲ್ರಿ. ಇಲ್ಲಿ ಬೆಂದೈತಿ ನೋಡ್ರಿ, ಇನ್ನೂ ಕೆಂಡ ಆರಿಲ್ಲ. ಕಲಿಸಿದಾಕಿ ಈಕಿ, ಚೌಡಕ್ಕ. ಈಕಿನ್ನ ನಿಮಗ ಯಾರೂ ತೋರ್ಸಿಲ್ಲಂತ ಕಾಣತೈತಿ."

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನಾನು ಏಳಬೇಕಿತ್ತೋ ಏನೋ. ಸೊಂಟ ನೋಯುತ್ತಿತ್ತು. ಕೂತೇ ಇದ್ದೆ.

"ನೀಲಾ, ಕೊಡು ಅದನ್ನ," ಅಂದರು ಮೇಡಂ. ಹರಿವಾಣಕ್ಕೆ ಕೈ ಚಾಚಿದರು.

"ಕೊಡಂಗಿಲ್ರಿ."

"ನೀಲಾ!"

"ನೀಲಗಂಗವ್ವ ಅನ್ರಿ. ಇಲ್ಲಿಗೆ ಬಂದಾಗಿಂದ ಹತ್ತು ಮಂದಿಗೆ ಹಾಡೇನಿ ಮೇಡಂ. ಒಬ್ಬರ ಪರಿಚಯಾನೂ ಇಲ್ಲ. ಖಾಲಿ ಬಾಯಿ ತಗದು ಫೋಟೋಕ್ಕ ನಿಂತೇನಿ. ಇವತ್ತ ನೀವು ಹಾಡ್ರಿ. ಕೇಕು ಎಲ್ಲಾರಿಗೂ ಐತಿ. ಸಾಹುಕಾರ್ರಿಗೂ ಐತಿ. ಮೊದ್ಲು ಹಾಡ್ರಿ."

ಸಾಹುಕಾರರ ಬಾಯಿ ತೆರೆಯಿತು, ಮುಚ್ಚಿತು. ಫೋಟೋದವನು ರೂಢಿಯ ಮೇಲೆ ಅದನ್ನೂ ಹೊಡೆದ.

ಹಿಂದಿನ ಸಾಲಿನಿಂದ ಒಂದು ಚಪ್ಪಾಳೆ. ಯಲ್ಲಾಪುರದ ತನುಜಾ. ಗಂಡ ಹೊಡೆದು ಒಂದು ಕಿವಿ ಕೇಳದವಳು, ಯಾವತ್ತೂ ಹಾಡಿನಲ್ಲಿ ಹಿಂದೆ ಬೀಳುವವಳು. ಆ ದಿನ ಅವಳೇ ಮೊದಲು ಶುರುಮಾಡಿದಳು. ಉಳಿದವರು ಸೇರಿದರು. ಹತ್ತೂ ಜನ ಸಾಹುಕಾರರನ್ನು ದಾಟಿ ಮುಂದೆ ಬಂದರು. ಹಾಡಿನಲ್ಲಿ ಸೌಮ್ಯ ಅಂತ ಹೆಸರು ಬರುವ ಜಾಗದಲ್ಲಿ ಹಂಚು ಹಾರುವಂತೆ ಕೂಗಿದರು. ನನಗೆ ಆ ಹಾಡು ಬರುವುದಿಲ್ಲ. ದಬರಿಗೆ ಸೌಟಿನಿಂದ ಬಡಿದೆ. ಸೌಮ್ಯ ಗಾಬರಿಯಾಗಿ ಎಲ್ಲರ ಮುಖ ನೋಡಿದಳು. ಆಮೇಲೆ ಗಟ್ಟಿಯಾಗಿ ನಕ್ಕಳು. ನೀಲಗಂಗವ್ವ ಮಗಳ ಕೈಯಲ್ಲಿ ಚಾಕು ಹಿಡಿಸಿ ಕತ್ತರಿಸಿದಳು.

ಸಾಹುಕಾರರು, "ನಾ ಮರ್ಯಾದಿಗೆ ಬಂದಿದ್ದೆ," ಅಂತ ಗೇಟಿನ ಕಡೆ ನಡೆದರು. ಮೇಡಂ ಹಿಂದೆ ಓಡಿದರು. ಕಾರಿನ ಬಾಗಿಲು ಬಡಿದ ಸದ್ದು. ಆದರೆ ಕಾರು ಹೊರಡಲಿಲ್ಲ. ಸಾಹುಕಾರರ ಹೆಂಡತಿ ಸೆರಗು ಹಿಡಿದುಕೊಂಡು ತಿರುಗಿ ಬರುತ್ತಿದ್ದರು.

"ಒಂದು ಚೂರು ಕೊಡವಾ," ಅಂದರು ನನಗೆ. "ಅವರಿಗೆ ಶುಗರ್ ಐತಿ. ನನಗೇನಿಲ್ಲ."

ಕೊಟ್ಟೆ. ನಿಂತೇ ತಿಂದರು. "ಅಡೀಲೆ ಬಾಳೆಎಲಿ ಹಾಕೀಯೇನು? ಘಮ ಚಲೋ ಬಂದೈತಿ," ಅಂದು, ಮಗುವಿನ ಗಲ್ಲ ಮುಟ್ಟಿ, ಹಾರ್ನ್ ಮೂರನೇ ಸಲ ಕೂಗಿದಾಗ ಹೋದರು.

ಸಂಜೆ ಮೇಡಂ ಎಲ್ಲರನ್ನೂ ಊಟದ ಕೋಣೆಗೆ ಕರೆದರು. ಮೇಜಿನ ಮೇಲಿದ್ದ ಒಂದು ಕಾಗದವನ್ನು ನೀಲಗಂಗವ್ವನ ಕಡೆ ತಳ್ಳಿದರು. "ಸಹಿ ಹಾಕು. ತಿಂಗಳ ಕೊನೆಗೆ ನೀನು ಇಲ್ಲಿಂದ ಹೊರಡಬೇಕು. ನನ್ನ ಕೈಯಲ್ಲಿ ಏನೂ ಇಲ್ಲ. ಟ್ರಸ್ಟಿನ ಕಮಿಟಿ ಹೇಳಿದೆ."

ನೀಲಗಂಗವ್ವ ಎಂಟನೇ ಕ್ಲಾಸು ಓದಿದವಳು. ಅಕ್ಷರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. "ಕಾರಣ, ಅಶಿಸ್ತು. ಹಂಗಂದ್ರ ಏನ್ರಿ ಮೇಡಂ?"

"ಏನು ಮಾಡಿದೆ ಅಂತ ನಿನಗೆ ಗೊತ್ತು."

"ನನಗ ಗೊತ್ತು. ಓದಾವರಿಗೆ ಗೊತ್ತಾಗಬೇಕಲ್ರಿ. ಬಿಡಿಸಿ ಬರೀರಿ, ಸಹಿ ಹಾಕ್ತೀನಿ."

"ನನ್ನ ಹೆಸರೂ ಬರೀರಿ," ಅಂದಳು ತನುಜಾ. "ನಾನೂ ಹಾಡಿದೀನಿ, ತಿಂದಿದೀನಿ."

"ನಂದೂ," ಅಂದರು ಇನ್ನೊಬ್ಬರು. ನಂದೂ, ನಂದೂ ಅಂತ ಗೋಡೆಯ ತನಕ ಹೋಯಿತು.

"ಬೇಯಿಸಿದ್ದು ನಾನು," ಅಂದೆ. "ಮೊದ್ಲು ನಂದು ಬರೀರಿ. ನಾಳೆ ಗಂಜಿಗೆ ಕಮಿಟಿಯವ್ರು ಬತ್ರಾ ಕೇಳಿ."

ಯಾರೋ ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ. ಬೇರೆ ಕಾಗದ ತೆಗೆದರು. ಪೆನ್ನಿನ ಮುಚ್ಚಳ ತೆಗೆದರು. "ಸರಿ. ಏನಂತ ಬರೀಲಿ? ನೀನೇ ಹೇಳು."

"ನೀಲಗಂಗವ್ವ ಅನ್ನಾಕಿ, ಬರೀರಿ."

ಬರೆದರು.

"ತನ್ನ ಮಗಳಿಗೆ ವರ್ಷ ತುಂಬಿದ ದಿನ, ಬರೀರಿ."

ಬರೆದರು.

"ತಾನ ಬೇಯಿಸಿದ ಕೇಕು ಮಗಳ ಕೈಲೆ ಕತ್ತರಿಸಿದ್ಲು, ಬರೀರಿ."

ಬರೆದರು. ಅಕ್ಷರ ಸಣ್ಣದಾಗುತ್ತಾ ಹೋಗಿತ್ತು.

"ಅದು ತಪ್ಪು, ಬರೀರಿ."

ಪೆನ್ನು ಕಾಗದದ ಮೇಲೆ ನಿಂತಿತು. ನಿಂತಲ್ಲೇ ಶಾಯಿ ಒಂದು ಚುಕ್ಕೆಯಾಯಿತು. ಚುಕ್ಕೆ ದಪ್ಪವಾಯಿತು. ಮೇಡಂ ತಲೆ ಎತ್ತಲಿಲ್ಲ. ನಾವು ಹನ್ನೆರಡು ಜನ ಸುತ್ತ ನಿಂತು ಆ ಪೆನ್ನನ್ನೇ ನೋಡುತ್ತಿದ್ದೆವು.

ನೀಲಗಂಗವ್ವ ಮಗಳನ್ನು ಈ ಬಗಲಿಂದ ಆ ಬಗಲಿಗೆ ಬದಲಿಸಿಕೊಂಡಳು.

"ಸಾವಕಾಶ ಬರೀರಿ ಮೇಡಂ," ಅಂದಳು. "ನಮಗೇನ್ ಗಡಿಬಿಡಿ ಇಲ್ರಿ."